ಕೂದಲು ಕಸಿ: ಹಣೆಯ ಆಸೆ, ಹಿಂತಲೆಯ ಲೆಕ್ಕ

ಕೂದಲು ಕಸಿ ಮಾಡಿಸಿಕೊಂಡವನನ್ನು ಜನ ಕೇಳುವುದು ಎರಡೇ ಪ್ರಶ್ನೆ: ನೋವಾಯಿತೇ, ಎಷ್ಟು ಖರ್ಚಾಯಿತು. ಸೋಮವಾರಪೇಟೆಯ ನಮ್ಮ ಸಹಕಾರ ಸಂಘದ ಕೌಂಟರಿನ ಆಚೆ ಗೊಬ್ಬರದ ಬಿಲ್ಲಿಗೆ ಕಾಯುತ್ತಾ, ನನ್ನ ಹಣೆಯ ಮೇಲ್ಭಾಗವನ್ನು ಓರೆಗಣ್ಣಿನಲ್ಲಿ ನೋಡುತ್ತಾ, ದನಿ ತಗ್ಗಿಸಿ ಈ ಎರಡನ್ನು ಕೇಳಿದವರು ಅನೇಕರಿದ್ದಾರೆ. ಹಿಂತಲೆಯಲ್ಲಿ ಕೂದಲು ಎಷ್ಟಿತ್ತು ಎಂದು ಮಾತ್ರ ಈವರೆಗೆ ಯಾರೂ ಕೇಳಿಲ್ಲ. ಇಡೀ ಚಿಕಿತ್ಸೆ ನಿಂತಿರುವುದು ಆ ಮೂರನೆಯ ಪ್ರಶ್ನೆಯ ಮೇಲೆ.

ಈ ಶಸ್ತ್ರಚಿಕಿತ್ಸೆಯಲ್ಲಿ ಹೊಸ ಕೂದಲು ಒಂದೂ ಹುಟ್ಟುವುದಿಲ್ಲ. ಕಿವಿಯಿಂದ ಕಿವಿಗೆ, ಹಿಂತಲೆಯ ಸುತ್ತ ಪಟ್ಟಿಯಂತೆ ಉಳಿದುಕೊಳ್ಳುವ ಕೂದಲಿನಲ್ಲಿ ಒಂದು ಪಾಲನ್ನು ಬುಡಸಮೇತ ತೆಗೆದು ಮುಂದಕ್ಕೆ ತಂದು ನೆಡುತ್ತಾರೆ, ಅಷ್ಟೆ. ಗಂಡಸರ ಸಾಮಾನ್ಯ ಬಕ್ಕತಲೆಗೆ ಕಾರಣ ಡಿಎಚ್‌ಟಿ ಎಂಬ ಹಾರ್ಮೋನು. ಅದಕ್ಕೆ ಸೂಕ್ಷ್ಮವಾಗಿರುವ ಹಣೆಯಂಚಿನ ಮತ್ತು ನೆತ್ತಿಯ ಬುಡಗಳು ವರ್ಷದಿಂದ ವರ್ಷಕ್ಕೆ ಸಣ್ಣಗಾಗುತ್ತಾ, ಮೊದಲು ತೆಳು ಕೂದಲನ್ನು, ಆಮೇಲೆ ಬರಿಯ ನವಿರನ್ನು ಬಿಟ್ಟು, ಕೊನೆಗೆ ಸುಮ್ಮನಾಗುತ್ತವೆ. ಹಿಂತಲೆಯ ಬುಡಗಳಿಗೆ ಆ ಸೂಕ್ಷ್ಮತೆ ಇಲ್ಲ. ಅವುಗಳನ್ನು ಎಲ್ಲಿ ನೆಟ್ಟರೂ ತಮ್ಮ ಮೂಲ ಸ್ವಭಾವವನ್ನೇ ಉಳಿಸಿಕೊಳ್ಳುತ್ತವೆ ಎಂಬುದನ್ನು ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಒರೆಂಟ್ರೈಕ್ ತೋರಿಸಿಕೊಟ್ಟರು. ಅವರು ಮೊದಲ ಕಸಿ ಮಾಡಿದ್ದು 1952ರಲ್ಲಿ, ಅದನ್ನು ಕುರಿತು ಪ್ರಕಟಿಸಿದ್ದು 1959ರಲ್ಲಿ. ಜಪಾನಿನ ಒಕುಡಾ ಎಂಬ ವೈದ್ಯರು ಅದಕ್ಕೂ ಮುಂಚೆ, 1939ರಲ್ಲಿಯೇ, ಸುಟ್ಟ ಗಾಯದ ಕಲೆಗಳ ಮೇಲೆ ಕೂದಲು ನೆಟ್ಟದ್ದನ್ನು ಬರೆದಿದ್ದರಾದರೂ ಯುದ್ಧದ ಗದ್ದಲದಲ್ಲಿ ಹೊರಜಗತ್ತಿಗೆ ಅದು ತಲುಪಲಿಲ್ಲ.

ಅಜ್ಜನ ತಲೆ ನೋಡಿ ಮೊಮ್ಮಗನ ಭವಿಷ್ಯ ಹೇಳುವ ಪದ್ಧತಿ ನಮ್ಮ ಮನೆಗಳಲ್ಲಿದೆ. ತಾಯಿಯ ತಂದೆ ಬಕ್ಕತಲೆಯಾಗಿದ್ದರೆ ಮುಗಿಯಿತು ಎನ್ನುತ್ತಾರೆ. ಅದರಲ್ಲಿ ಸ್ವಲ್ಪ ಸತ್ಯವಿದೆ, ಏಕೆಂದರೆ ಈ ಹಾರ್ಮೋನಿಗೆ ಸ್ಪಂದಿಸುವ ಒಂದು ಮುಖ್ಯ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದ್ದು, ಗಂಡುಮಕ್ಕಳಿಗೆ ಅದು ತಾಯಿಯಿಂದ ಬರುತ್ತದೆ. ಆದರೆ ಉಳಿದ ಅನೇಕ ಜೀನ್‌ಗಳು ಎರಡೂ ಕಡೆಯಿಂದ ಬರುವುದರಿಂದ ತಂದೆಯ ಕಡೆಯವರೂ ಪೂರ್ತಿ ನಿರಪರಾಧಿಗಳಲ್ಲ. ಹೆಲ್ಮೆಟ್ಟು, ಬೋರ್‌ವೆಲ್ ನೀರು, ಬೆಂಗಳೂರಿನ ಧೂಳು ಇವೆಲ್ಲ ಅನಗತ್ಯವಾಗಿ ಬೈಗುಳ ತಿನ್ನುತ್ತಿವೆ. ಮೈಸೂರು ರಸ್ತೆಯ ಬದಿಯಲ್ಲಿ ಸಾಲುಸಾಲಾಗಿ ಕಾಣುವ ತಲೆ ಎಣ್ಣೆಯ ಬೋರ್ಡುಗಳನ್ನು ನೋಡಿ ಆಸೆಪಡುವವರಿಗೂ ಒಂದು ಮಾತು ಹೇಳಬಹುದು: ಇರುವ ಕೂದಲಿಗೆ ಎಣ್ಣೆ ಹೊಳಪು ಕೊಟ್ಟೀತು, ಆದರೆ ಬುಡವೇ ಸುಮ್ಮನಾದ ಜಾಗದಲ್ಲಿ ಅದಕ್ಕೆ ಮಾಡಲು ಕೆಲಸವಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ತಲೆಯಲ್ಲಿ ಕೂದಲು ಒಂದೊಂದಾಗಿ ಬೆಳೆಯುವುದಿಲ್ಲ. ಒಂದರಿಂದ ನಾಲ್ಕು ಕೂದಲು ಒಂದೇ ಬುಡದ ಗುಂಪಿನಿಂದ ಹೊರಡುತ್ತವೆ. ಅಂಥ ಒಂದು ಗುಂಪಿಗೆ ಆಸ್ಪತ್ರೆಯ ಭಾಷೆಯಲ್ಲಿ ಗ್ರಾಫ್ಟ್ ಎನ್ನುತ್ತಾರೆ. ಸರಾಸರಿ ಎರಡು ಕೂದಲು ಎಂದಿಟ್ಟುಕೊಂಡರೆ 2,000 ಗ್ರಾಫ್ಟ್ ಎಂದರೆ ಸುಮಾರು 4,000 ಕೂದಲು. ಜಾಹೀರಾತುಗಳಲ್ಲಿ ಕೂದಲಿನ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು, ಬಿಲ್ಲಿನಲ್ಲಿ ಗ್ರಾಫ್ಟ್ ಲೆಕ್ಕ ಹಾಕುವವರಿದ್ದಾರೆ, ಎರಡನ್ನೂ ಬೇರೆಬೇರೆಯಾಗಿ ಕೇಳಿ ಬರೆದುಕೊಳ್ಳಬೇಕು. ಆರೋಗ್ಯವಂತ ತಲೆಯ ಒಂದು ಚದರ ಸೆಂಟಿಮೀಟರಿನಲ್ಲಿ ಸುಮಾರು 65ರಿಂದ 85 ಗುಂಪುಗಳಿರುತ್ತವೆ. ಕಸಿಯಲ್ಲಿ ಅಷ್ಟೇ ಜಾಗಕ್ಕೆ ಸಾಮಾನ್ಯವಾಗಿ 30ರಿಂದ 45 ಗುಂಪುಗಳನ್ನು ನೆಡುತ್ತಾರೆ. ಪೂರ್ತಿ ಬೋಳಾದ ಮುಂದಲೆ ಮತ್ತು ನೆತ್ತಿ ಸೇರಿದರೆ ಸುಮಾರು 200 ಚದರ ಸೆಂಟಿಮೀಟರ್ ಆಗುತ್ತದೆ. ಚದರ ಸೆಂಟಿಮೀಟರಿಗೆ 40ರಂತೆ ಗುಣಿಸಿ ನೋಡಿದರೆ 8,000 ಗ್ರಾಫ್ಟ್ ಬೇಕು. ಆದರೆ ಹಿಂತಲೆ ಕಳೆಗೆಡದಂತೆ ಒಂದು ಜೀವಮಾನದಲ್ಲಿ ತೆಗೆಯಬಹುದಾದದ್ದು ಬಹುಪಾಲು ಗಂಡಸರಲ್ಲಿ 6,000ದ ಒಳಗೇ. ಆದ್ದರಿಂದ ಇಪ್ಪತ್ತರ ಹರೆಯದ ತಲೆಯನ್ನು ಮರಳಿ ತಂದುಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ, ಅವರಿಗೆ ಗುಣಾಕಾರ ಬರುವುದಿಲ್ಲ ಎಂದೋ, ನಮಗೆ ಬರುವುದಿಲ್ಲ ಎಂದು ಅವರು ತಿಳಿದಿದ್ದಾರೆಂದೋ ಅರ್ಥ.

ಅರ್ಧ ದಟ್ಟಣೆಯಲ್ಲಿ ನೆಟ್ಟರೂ ತಲೆ ತುಂಬಿದಂತೆ ಕಾಣುವುದಕ್ಕೆ ಕಾರಣವಿದೆ. ನಾಟಿ ಮುಗಿದ ಗದ್ದೆಯನ್ನು ಬದುವಿನ ಮೇಲೆ ಕುಳಿತು ಓರೆಯಾಗಿ ನೋಡಿದರೆ ಹಸಿರು ಬಿಟ್ಟು ಬೇರೇನೂ ಕಾಣುವುದಿಲ್ಲ. ಅದೇ ಗದ್ದೆಯನ್ನು ಮೇಲಿನ ದಿಣ್ಣೆಯಿಂದ ನೋಡಿದರೆ ಸಸಿಗಳ ನಡುವೆ ನೀರು ಕಾಣುತ್ತದೆ. ಕಸಿ ಮಾಡಿದ ತಲೆಯೂ ಹಾಗೆಯೇ, ಎದುರು ನಿಂತು ಮಾತಾಡುವವರಿಗೆ ತುಂಬಿದಂತೆಯೂ, ಕ್ಷೌರದ ಅಂಗಡಿಯ ದೀಪದ ಕೆಳಗೆ ನೆತ್ತಿಯ ಮೇಲಿನಿಂದ ನೋಡುವವರಿಗೆ ತೆಳುವಾಗಿಯೂ ಕಾಣುತ್ತದೆ. ಒಳ್ಳೆಯ ವೈದ್ಯರು ಅದಕ್ಕಾಗಿಯೇ ಹಣೆಯಂಚಿಗೆ ಒಂಟಿ ಕೂದಲಿನ ಗ್ರಾಫ್ಟ್‌ಗಳನ್ನೂ, ಅದರ ಹಿಂದೆ ಎರಡು ಮೂರು ಕೂದಲಿನ ಗ್ರಾಫ್ಟ್‌ಗಳನ್ನೂ ಇಟ್ಟು, ಮೊದಲಿದ್ದ ಕೂದಲು ಬಾಗಿದ್ದ ಕೋನದಲ್ಲೇ ರಂಧ್ರ ಮಾಡುತ್ತಾರೆ. ಹಿಂದಿನ ಕಾಲದ ಕಸಿಯಲ್ಲಿ ಸುಮಾರು 4 ಮಿಲಿಮೀಟರ್ ಅಗಲದ ತುಂಡುಗಳನ್ನೇ ಕಿತ್ತು ಕೂರಿಸುತ್ತಿದ್ದುದರಿಂದ ತಲೆ ಗೊಂಬೆಯ ತಲೆಯಂತಾಗುತ್ತಿತ್ತು. ಒಂದೊಂದು ಗುಂಪನ್ನೇ ಬಿಡಿಯಾಗಿ ನೆಡುವ ಪದ್ಧತಿ ನೆಲೆಗೊಂಡದ್ದು 1990ರ ದಶಕದಲ್ಲಿ.

ನಾನು ತೋರಿಸಿಕೊಂಡದ್ದು ಮೈಸೂರಿನ ಒಬ್ಬ ಚರ್ಮವೈದ್ಯೆಯ ಬಳಿ. ಮೊದಲ ಭೇಟಿಯಲ್ಲಿ ಅವರು ಕಸಿಯ ಮಾತನ್ನೇ ಎತ್ತಲಿಲ್ಲ. ಕೂದಲು ಉದುರುವುದಕ್ಕೆ ರಕ್ತಹೀನತೆ, ಥೈರಾಯ್ಡ್, ಇತ್ತೀಚೆಗೆ ಬಂದ ಜ್ವರ ಇಂಥ ಬೇರೆ ಕಾರಣವೇನಾದರೂ ಇದೆಯೇ ಎಂದು ರಕ್ತಪರೀಕ್ಷೆ ಮಾಡಿಸಿದರು. ಸಣ್ಣ ಕ್ಯಾಮೆರಾವನ್ನು ಹಿಂತಲೆಗೆ ಒತ್ತಿ, ಅಲ್ಲಿನ ಕೂದಲಿನ ದಪ್ಪವನ್ನೂ ದಟ್ಟಣೆಯನ್ನೂ ಪರದೆಯ ಮೇಲೆ ತೋರಿಸಿದರು. ನನ್ನ ಹಿಂತಲೆಯನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. "ಈಗಿರುವ ತಲೆಗಲ್ಲ, ನಿಮಗೆ ಐವತ್ತೈದಾದಾಗ ಇರುವ ತಲೆಗೆ ನಾವು ಯೋಜನೆ ಮಾಡಬೇಕು" ಎಂದು ಅವರು ಹೇಳಿದರು. ಉದುರುವಿಕೆ ನಿಂತಿಲ್ಲದ ತಲೆಯಲ್ಲಿ ಮುಂದೆ ಮಾತ್ರ ನೆಟ್ಟುಬಿಟ್ಟರೆ, ಹತ್ತು ವರ್ಷದ ನಂತರ ನೆಟ್ಟ ಕೂದಲು ಹಣೆಯ ಮೇಲೆ ಉಳಿದು, ಅದರ ಹಿಂದಿನ ಸ್ವಂತ ಕೂದಲು ಹೋಗಿ, ನಡುವೆ ಬಯಲು ಬೀಳುತ್ತದೆ. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗರಿಗೆ ತಿಳಿದ ವೈದ್ಯರು ಕಸಿ ಬೇಡವೆನ್ನುವುದಕ್ಕೆ ಇದೇ ಕಾರಣ. ಅವರ ಬಕ್ಕತಲೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದು ಆ ವಯಸ್ಸಿಗೆ ಯಾರಿಗೂ ಗೊತ್ತಿರುವುದಿಲ್ಲ.

ಉದುರುವುದನ್ನು ತಡೆಯುವುದಕ್ಕೆ ಇರುವ ಔಷಧಿಗಳು ಮುಖ್ಯವಾಗಿ ಎರಡು. ಮಿನಾಕ್ಸಿಡಿಲ್ ಮೂಲತಃ ರಕ್ತದೊತ್ತಡದ ಮಾತ್ರೆ. ಅದನ್ನು ತಿಂದವರ ಮೈಮೇಲೆ ಕೂದಲು ಹೆಚ್ಚಾದದ್ದನ್ನು ಕಂಡು ತಲೆಗೆ ಹಚ್ಚುವ ದ್ರಾವಣ ಮಾಡಿದರು, 1988ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಫಿನಾಸ್ಟರೈಡ್ 1 ಮಿಲಿಗ್ರಾಂ ಮಾತ್ರೆ 1997ರಲ್ಲಿ ಬಂತು. ಅದು ಡಿಎಚ್‌ಟಿ ತಯಾರಾಗುವುದನ್ನೇ ತಗ್ಗಿಸುತ್ತದೆ. ಈ ಎರಡನೆಯದನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನುಂಗುವಂಥದ್ದಲ್ಲ. ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಗ್ಗುವುದು, ಮನಸ್ಸು ಮಂಕಾಗುವುದು ಕಂಡುಬಂದಿದೆ. ಪ್ರಾಸ್ಟೇಟ್ ತಪಾಸಣೆಯ ಪಿಎಸ್‌ಎ ಪ್ರಮಾಣವನ್ನು ಅದು ಸುಮಾರು ಅರ್ಧಕ್ಕೆ ಇಳಿಸಿಬಿಡುವುದರಿಂದ ಮುಂದೆ ಆ ಪರೀಕ್ಷೆ ಮಾಡುವ ವೈದ್ಯರಿಗೆ ಮಾತ್ರೆಯ ವಿಷಯ ಹೇಳಲೇಬೇಕು. ಮನೆಯಲ್ಲಿ ಗರ್ಭಿಣಿಯರಿದ್ದರೆ ಮುರಿದ ಮಾತ್ರೆಯನ್ನು ಅವರು ಮುಟ್ಟಬಾರದು. ಕಸಿಯ ಬಗ್ಗೆ ವಿಚಾರಿಸುವವರು ಇದನ್ನೆಲ್ಲ ಕೇಳಿ ಬೇಸರಪಡುತ್ತಾರೆ, ಆದರೆ ಕಸಿಯಾದ ಮೇಲೂ ಉಳಿದ ಸ್ವಂತ ಕೂದಲನ್ನು ಕಾಯುವುದು ಈ ಔಷಧಿಗಳೇ. ಒಮ್ಮೆ ಖರ್ಚು ಮಾಡಿ ಮುಗಿಯಿತು ಎನ್ನುವ ವ್ಯವಹಾರ ಇದಲ್ಲ.

ಯಾರ ಕೈಯಲ್ಲಿ ಮಾಡಿಸಿಕೊಳ್ಳುತ್ತೇವೆ ಎನ್ನುವುದರ ಬಗ್ಗೆ ಸ್ವಲ್ಪ ಕಟುವಾಗಿಯೇ ಬರೆಯುತ್ತೇನೆ. ನನ್ನ ಚಿಕ್ಕಮ್ಮನ ಮಗ ಊರು ಬಿಟ್ಟು ಹೋಗಿ ಒಂದು ದೊಡ್ಡ ನಗರದಲ್ಲಿ 'ಅನ್‌ಲಿಮಿಟೆಡ್ ಗ್ರಾಫ್ಟ್' ಎಂಬ ಪ್ಯಾಕೇಜಿಗೆ ಹಣ ಕಟ್ಟಿದ. ವೈದ್ಯರೆನಿಸಿಕೊಂಡವರು ಬೆಳಿಗ್ಗೆ ಬಂದು ಹಣೆಯ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು ಹೋದರಂತೆ, ಉಳಿದದ್ದನ್ನೆಲ್ಲ ಸಹಾಯಕ ಹುಡುಗರು ಮಾಡಿದರು. ಗೆರೆ ಹುಬ್ಬಿಗೆ ಹತ್ತಿರವಾಗಿ, ಸ್ಕೇಲಿಟ್ಟು ಎಳೆದಷ್ಟು ನೇರವಾಗಿ ಬಂದಿದೆ. ಹಿಂತಲೆಯಲ್ಲಿ ಒಂದೇ ಕಡೆ ಎಗ್ಗಿಲ್ಲದೆ ಕಿತ್ತಿರುವುದರಿಂದ ಅಲ್ಲಿ ತೇಪೆ ತೇಪೆಯಾಗಿ ಚರ್ಮ ಕಾಣುತ್ತದೆ. ಅದನ್ನು ಸರಿಪಡಿಸಲು ಬೇಕಾದ ಕೂದಲೂ ಆ ಹಿಂತಲೆಯಲ್ಲೇ ಇರಬೇಕಾಗಿತ್ತಲ್ಲ, ಅದು ಖರ್ಚಾಗಿಹೋಗಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಈ ಬಗ್ಗೆ ಮಾರ್ಗಸೂಚಿ ಹೊರಡಿಸಿ, ಪ್ಲಾಸ್ಟಿಕ್ ಸರ್ಜರಿ, ಚರ್ಮವೈದ್ಯದಂಥ ವಿಭಾಗಗಳಲ್ಲಿ ಸರಿಯಾದ ತರಬೇತಿ ಪಡೆದ ನೋಂದಾಯಿತ ವೈದ್ಯರೇ ಇದನ್ನು ಮಾಡಬೇಕೆಂದೂ, ಕಾರ್ಯಾಗಾರದಲ್ಲಿ ಕುಳಿತೋ ಯೂಟ್ಯೂಬ್ ನೋಡಿಯೋ ಕಲಿತದ್ದು ತರಬೇತಿಯಲ್ಲವೆಂದೂ ಸ್ಪಷ್ಟವಾಗಿ ಹೇಳಿದೆ. ಗೆರೆ ಎಳೆಯುವವರು ಯಾರು, ಚುಚ್ಚುಮದ್ದು ಕೊಡುವವರು ಯಾರು, ರಂಧ್ರ ಮಾಡುವವರು ಯಾರು, ದಿನವಿಡೀ ಕಟ್ಟಡದಲ್ಲಿ ಇರುವ ವೈದ್ಯರು ಯಾರು, ಎದೆಬಡಿತ ಏರುಪೇರಾದರೆ ಏನು ವ್ಯವಸ್ಥೆ ಇದೆ ಎಂದು ಕೇಳುವುದಕ್ಕೆ ಸಂಕೋಚಪಡಬಾರದು. ಮರಗಟ್ಟಿಸುವ ಔಷಧಿ ಮಿತಿ ಮೀರಿದರೆ ಹೃದಯಕ್ಕೂ ಮೆದುಳಿಗೂ ಅಪಾಯ. ಕೂದಲಿನ ವಿಷಯ ತಾನೇ ಎಂದು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಅಂದಹಾಗೆ, ಸೌಂದರ್ಯಕ್ಕಾಗಿ ಮಾಡಿಸುವ ಕಸಿಗೆ ಸಾಮಾನ್ಯ ಆರೋಗ್ಯ ವಿಮೆ ಹಣ ಕೊಡುವುದಿಲ್ಲ, ಇತರ ಚಿಕಿತ್ಸೆಗಳಿಗಿರುವ ಜಿಎಸ್‌ಟಿ ವಿನಾಯಿತಿಯೂ ಇಲ್ಲ.

ಕೊಡಗಿನವರಿಗೆ ಯಾವ ತಿಂಗಳಿನಲ್ಲಿ ಮಾಡಿಸಬೇಕು ಎನ್ನುವುದು ಸಣ್ಣ ಪ್ರಶ್ನೆಯೇನಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ದಿಂಬಿನ ಬಟ್ಟೆ ಒಲೆಯ ಮೇಲಿನ ಹಗ್ಗದಲ್ಲಿ ಒಣಗಬೇಕು, ರೈನ್‌ಕೋಟಿನ ಟೊಪ್ಪಿಗೆ ಹಸಿ ಗಾಯಕ್ಕೆ ಉಜ್ಜುತ್ತದೆ, ಶಾಂತಳ್ಳಿ ಕಡೆಯ ಮಳೆಗೆ ಕೊಡೆಯನ್ನು ನಂಬುವಂತಿಲ್ಲ. ಅಕ್ಟೋಬರ್ ಮಧ್ಯದಲ್ಲಿ ತುಲಾ ಸಂಕ್ರಮಣ ಬರುತ್ತದೆ, ಕಸಿಯಾದ ತಿಂಗಳೊಳಗೆ ತಲಕಾವೇರಿಯಲ್ಲಾಗಲಿ ಭಾಗಮಂಡಲದಲ್ಲಾಗಲಿ ತಲೆ ಮುಳುಗಿಸುವ ಸ್ನಾನ ಸಲ್ಲದು, ತೀರ್ಥವನ್ನು ಕೈಗೆ ತೆಗೆದುಕೊಂಡರೆ ಸಾಕು. ನವೆಂಬರ್‌ನಿಂದ ಜನವರಿಯವರೆಗೆ ಅರೇಬಿಕಾ ಕೊಯ್ಲು. ಗಿಡಗಳ ನಡುವೆ ಬಗ್ಗಿ ನುಗ್ಗುವಾಗ ರೆಂಬೆಗಳು ನೇರವಾಗಿ ಬಡಿಯುವುದು ಹಣೆಯಂಚಿಗೇ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು, ಮದುವೆಗಳು, ಕೊಡವ ಕುಟುಂಬಗಳ ನಡುವಿನ ಹಾಕಿ ಹಬ್ಬ. ಹೀಗೆ ಅಳೆದು ಸುರಿದು ನಾನು ಆರಿಸಿಕೊಂಡದ್ದು ಕೊಯ್ಲು ಮುಗಿದ ಫೆಬ್ರವರಿಯನ್ನು. ರೋಬಸ್ಟಾ ಬೆಳೆಯುವ ದಕ್ಷಿಣ ಕೊಡಗಿನವರಿಗೆ ಇದು ಹೊಂದುವುದಿಲ್ಲ, ಅವರ ಕೊಯ್ಲು ಆಗ ಭರದಲ್ಲಿರುತ್ತದೆ.

ಶಸ್ತ್ರಚಿಕಿತ್ಸೆಯ ವಿಧಾನಗಳು ಎರಡು. ಎಫ್‌ಯುಟಿಯಲ್ಲಿ ಹಿಂತಲೆಯ ಚರ್ಮದ ಒಂದು ಉದ್ದ ಪಟ್ಟಿಯನ್ನೇ ಕತ್ತರಿಸಿ, ಹೊಲಿಗೆ ಹಾಕಿ, ಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಗ್ರಾಫ್ಟ್‌ಗಳಾಗಿ ಬಿಡಿಸುತ್ತಾರೆ. ಗೆರೆಯಂಥ ಕಲೆ ಉಳಿಯುತ್ತದೆ. ಈಗ ಹೆಚ್ಚು ಚಾಲ್ತಿಯಲ್ಲಿರುವ ಎಫ್‌ಯುಇಯಲ್ಲಿ 1 ಮಿಲಿಮೀಟರಿನಷ್ಟು ಅಥವಾ ಅದಕ್ಕಿಂತ ಕಡಿಮೆ ಅಗಲದ ಕೊಳವೆಯಂಥ ಉಪಕರಣದಿಂದ ಒಂದೊಂದೇ ಬುಡವನ್ನು ಹೊರತೆಗೆಯುತ್ತಾರೆ. ಹೊಲಿಗೆಯಿಲ್ಲ, ಆದರೆ ಕಲೆಯೇ ಇಲ್ಲ ಎಂಬ ಮಾತು ಸುಳ್ಳು, ಚುಕ್ಕೆ ಚುಕ್ಕೆಯಾಗಿ ನೂರಾರು ಸಣ್ಣ ಕಲೆಗಳು ಇರುತ್ತವೆ. ನನಗೆ ಮಾಡಿದ್ದು ಎಫ್‌ಯುಇ.

ನೋವಿನ ಪ್ರಶ್ನೆಗೆ ಉತ್ತರ ಇಲ್ಲಿದೆ. ಮರಗಟ್ಟಿಸುವ ಲಿಗ್ನೊಕೇನ್ ಚುಚ್ಚುಮದ್ದನ್ನು ಹಿಂತಲೆಗೂ ಹಣೆಗೂ ಸಾಲಾಗಿ ಕೊಡುವ ಆ ಕೆಲವು ನಿಮಿಷಗಳು ನಿಜಕ್ಕೂ ನೋವಿನವು; ಹಣೆಯ ಅಂಚಿನಲ್ಲಿ ಪ್ರತಿ ಚುಚ್ಚಿಗೂ ಕಣ್ಣಿನಲ್ಲಿ ನೀರು ತಾನಾಗಿ ಬರುತ್ತದೆ. ಆಮೇಲೆ ತಲೆ ತನ್ನದಲ್ಲವೆಂಬಂತೆ ಆಗುತ್ತದೆ. ಬೋರಲು ಮಲಗಿ, ಮುಖವನ್ನು ಮಂಚದ ರಂಧ್ರಕ್ಕೆ ಇಳಿಬಿಟ್ಟು, ಉಪಕರಣದ ಸಣ್ಣ ಗುಂಯ್‌ಗುಡುವಿಕೆಯನ್ನು ತಲೆಬುರುಡೆಯ ಒಳಗಿನಿಂದಲೇ ಕೇಳುತ್ತಾ, ನೆಲದ ಟೈಲ್ಸಿನ ಗೆರೆಗಳನ್ನು ನೋಡುತ್ತಾ ಇರುವುದೇ ಬೆಳಗಿನ ಕೆಲಸ. ನೋವಿಗಿಂತ ಕತ್ತಿನ ಹಿಡಿತ ಹೆಚ್ಚು ಕಾಡುತ್ತದೆ. ನಡುವೆ ಎದ್ದು ಕುಳಿತಾಗ, ಕೇಳಿಕೊಂಡದ್ದಕ್ಕೆ ನರ್ಸ್ ಒಂದು ತಟ್ಟೆಯನ್ನು ತಂದು ತೋರಿಸಿದರು. ತಣ್ಣಗಿನ ಲವಣದ ನೀರಿನಲ್ಲಿ ನೆನೆಸಿದ ಗಾಜ್ ಬಟ್ಟೆಯ ಮೇಲೆ ಹತ್ತರ ಸಾಲುಗಳಲ್ಲಿ ಜೋಡಿಸಿದ್ದ ಗ್ರಾಫ್ಟ್‌ಗಳು. ಪ್ರತಿಯೊಂದಕ್ಕೂ ಮೇಲೆ ಕಪ್ಪು ತುಣುಕು, ಕೆಳಗೆ ಅರೆಪಾರದರ್ಶಕ ಬಿಳಿಯ ಬುಡ, ಬುಡದ ಸುತ್ತ ಕೊಬ್ಬಿನ ಚೂರು. ಒಂಟಿ, ಜೋಡಿ, ಮೂರರವು ಎಂದು ಪ್ರತ್ಯೇಕ ಗುಂಪು ಮಾಡಿದ್ದರು. ದೇಹದ ಹೊರಗೆ ಹೆಚ್ಚು ಹೊತ್ತು ಇದ್ದಷ್ಟೂ, ಒಣಗಿದಷ್ಟೂ, ಇಕ್ಕಳದಲ್ಲಿ ಬುಡ ಜಜ್ಜಿದಷ್ಟೂ ಅವು ಸಾಯುತ್ತವೆ. ಆದ್ದರಿಂದ ಆ ಕೋಣೆಯಲ್ಲಿ ಎಲ್ಲರೂ ಅವಸರವಿಲ್ಲದ ಒಂದು ವೇಗದಲ್ಲಿ ಕೆಲಸ ಮಾಡುತ್ತಿದ್ದರು. ಮಧ್ಯಾಹ್ನ ಮೊಸರನ್ನ ಕೊಟ್ಟರು. ಆಮೇಲೆ ಅಂಗಾತ ಮಲಗಿಸಿ ನೆಡುವ ಕೆಲಸ. ಒಟ್ಟಾರೆ ಆರರಿಂದ ಎಂಟು ಗಂಟೆ ಹಿಡಿಯುತ್ತದೆ.

ಆ ರಾತ್ರಿ ಮೈಸೂರಿನಲ್ಲೇ ಉಳಿಯುವುದು ವಾಸಿ. ಅದೇ ದಿನ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ದಾಟಿ ಬಸ್ಸಿನಲ್ಲಿ ತಲೆಯೊರಗಿಸಿಕೊಂಡು ಬಂದರೆ ಸೀಟಿನ ಹಿಂಬದಿಗೆ ಹಿಂತಲೆಯ ಗಾಯ ಉಜ್ಜುತ್ತದೆ, ಮೇಲಿನ ಸರಳಿಗೆ ಹಣೆ ತಗುಲಿದರಂತೂ ನೆಟ್ಟದ್ದು ಕಿತ್ತುಬರುತ್ತದೆ. ಮರುದಿನ ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿ ನೋಡಿ, ಮೊದಲ ಸಲ ತಲೆ ತೊಳೆಯುವುದು ಯಾವಾಗ, ಹೇಗೆ ಎಂದು ಹೇಳಿಕೊಟ್ಟರು. ಶವರಿನ ಕೆಳಗೆ ನಿಲ್ಲುವಂತಿಲ್ಲ. ಮಗ್ಗಿನಲ್ಲಿ ಉಗುರುಬೆಚ್ಚಗಿನ ನೀರನ್ನು ಹತ್ತಿರದಿಂದ ಹನಿಸಬೇಕು, ಶಾಂಪೂವನ್ನು ಅಂಗೈಯಲ್ಲಿ ನೊರೆ ಮಾಡಿ ನೆಟ್ಟ ಜಾಗದ ಮೇಲೆ ಇಟ್ಟು ತೆಗೆಯಬೇಕು, ಬೆರಳಾಡಿಸಬಾರದು, ಟವೆಲ್ಲಿನಿಂದ ಒರೆಸಬಾರದು. ಮೊದಲ ಕೆಲವು ರಾತ್ರಿ ತಲೆಯನ್ನು ಎತ್ತರಿಸಿ, ಒರಗು ಕುರ್ಚಿಯಲ್ಲಿ ಕುಳಿತಂತೆ ಮಲಗಬೇಕು. ನಿದ್ದೆ ಬರುವುದಿಲ್ಲ ಎಂದುಕೊಂಡಿದ್ದೆ, ಬಂತು. ಆದರೆ ಮಗ್ಗುಲಾದರೆ ಎಂಬ ಭಯಕ್ಕೆ ಕತ್ತಿನ ಎರಡೂ ಕಡೆ ದಿಂಬು ಸಿಕ್ಕಿಸಿ ನನ್ನ ಹೆಂಡತಿ ಕಾವಲು ಕಾದದ್ದೇ ಹೆಚ್ಚು.

ಎರಡನೆಯ ಮೂರನೆಯ ದಿನಕ್ಕೆ ಊತ ಇಳಿಯತೊಡಗುತ್ತದೆ. ಇಳಿಯುತ್ತದೆ ಎಂದರೆ ಕಡಿಮೆಯಾಗುತ್ತದೆ ಎಂದಲ್ಲ. ತಲೆಗೆ ತುಂಬಿದ ದ್ರವ ಹಣೆಗೂ, ಹಣೆಯಿಂದ ಹುಬ್ಬಿಗೂ, ಅಲ್ಲಿಂದ ಕಣ್ಣಿನ ರೆಪ್ಪೆಗೂ ಜಾರುತ್ತದೆ. ಹೆಜ್ಜೇನು ಕಚ್ಚಿತೇ ಎಂದು ಕೇಳುವಂತಿತ್ತು ನನ್ನ ಮುಖ. ಹೆದರುವಂಥದ್ದೇನಲ್ಲ, ನಾಲ್ಕೈದು ದಿನದಲ್ಲಿ ತಾನಾಗಿ ಹೋಗುತ್ತದೆ. ಜ್ವರ, ಕೀವು, ದಿನದಿಂದ ದಿನಕ್ಕೆ ಹೆಚ್ಚುವ ನೋವು, ಚರ್ಮ ಕಪ್ಪಗಾಗುವುದು ಇವು ಮಾತ್ರ ಹಾಗಲ್ಲ. ಫೋನಿನಲ್ಲಿ ಫೋಟೋ ಕಳಿಸಿ ಸಮಾಧಾನ ಮಾಡಿಕೊಳ್ಳದೆ ಹೋಗಿ ತೋರಿಸಬೇಕು. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೇ ಇರುವಾಗ, ಕಸಿ ಮಾಡಿದವರು ದೂರದಲ್ಲಿದ್ದಾರೆ ಎಂದು ಸೋಂಕನ್ನು ಹೊತ್ತುಕೊಂಡು ಮನೆಯಲ್ಲಿ ಕೂರುವ ಅಗತ್ಯವಿಲ್ಲ.

ನೆಟ್ಟ ಪ್ರತಿ ರಂಧ್ರದ ಮೇಲೂ ಸಣ್ಣ ಹಕ್ಕಳೆ ಕಟ್ಟುತ್ತದೆ. ಅದು ಸಡಿಲವಾಗಿ ಹೋಗುವುದಕ್ಕೆ ಹತ್ತರಿಂದ ಹದಿನಾಲ್ಕು ದಿನ ಬೇಕು. ತುರಿಕೆಯೋ, ಹೇಳತೀರದು. ಗ್ರಾಫ್ಟ್‌ಗಳು ಭದ್ರವಾಗಿ ಕಚ್ಚಿಕೊಳ್ಳುವುದಕ್ಕೆ ಸುಮಾರು ಹತ್ತು ದಿನ ಹಿಡಿಯುವುದರಿಂದ ಅಷ್ಟರೊಳಗೆ ಉಗುರು ತಾಗಿಸಿದರೆ ಕೊಟ್ಟ ಹಣ ಉಗುರಿನ ಸಂದಿಯಲ್ಲಿ ಬಂದೀತು. ಈ ಅವಧಿಯಲ್ಲಿ ಬೈಕಿನ ಹೆಲ್ಮೆಟ್ ಹಾಕುವಂತಿಲ್ಲ, ಹೆಲ್ಮೆಟ್ಟಿಲ್ಲದೆ ಬೈಕ್ ಓಡಿಸುವಂತಿಲ್ಲ, ಆದ್ದರಿಂದ ಬೈಕೇ ಬೇಡ. ಕಾಫಿ ಮೂಟೆ ಎತ್ತುವುದು, ಬಗ್ಗಿ ಕೆಲಸ ಮಾಡುವುದು, ಬೆವರುವ ಆಟ, ಮದ್ಯ, ಸಿಗರೇಟು ಎಲ್ಲಕ್ಕೂ ಕನಿಷ್ಠ ಎರಡು ವಾರ ರಜೆ. ಸಿಗರೇಟು ರಕ್ತನಾಳಗಳನ್ನು ಕುಗ್ಗಿಸಿ ಹೊಸ ಬುಡಕ್ಕೆ ಸಿಗಬೇಕಾದ ರಕ್ತವನ್ನೇ ಕಡಿಮೆ ಮಾಡುತ್ತದೆ. ಕಸಿಯ ಮುಂಚಿನಿಂದಲೇ ಬಿಡಿ ಎಂದು ವೈದ್ಯರು ಹೇಳುವುದು ಉಪದೇಶಕ್ಕಲ್ಲ. ಸಮಾರಂಭಕ್ಕೆ ಹೋಗುವ ಕೊಡವ ಸ್ನೇಹಿತರು ಬಿಗಿಯಾದ ಮಂಡೆತುಣಿಯನ್ನು (ಪೇಟವನ್ನು) ಕೂಡ ವೈದ್ಯರು ಒಪ್ಪುವವರೆಗೆ ಪಕ್ಕಕ್ಕಿಡಬೇಕು. ಅದರ ಅಂಚು ಕೂರುವುದು ಸರಿಯಾಗಿ ಹಣೆಯಂಚಿನ ಮೇಲೆಯೇ.

ಇಷ್ಟೆಲ್ಲ ಆಗಿ, ಹಕ್ಕಳೆ ಹೋಗಿ, ಹಣೆಯ ಮೇಲೆ ಗಿಡ್ಡ ಕೂದಲು ಕಂಡು ಖುಷಿಪಡುವ ಹೊತ್ತಿಗೆ ಅವು ಉದುರುತ್ತವೆ. ಯಾರೂ ಮೊದಲೇ ಹೇಳದಿದ್ದರೆ ಮನುಷ್ಯ ಕುಸಿದುಹೋಗುವ ಘಟ್ಟ ಇದು. ಎರಡನೆಯ ವಾರದಿಂದ ಎರಡನೆಯ ತಿಂಗಳಿನವರೆಗೆ ನೆಟ್ಟ ಕೂದಲಿನಲ್ಲಿ ಬಹುಪಾಲು ದಿಂಬಿನ ಮೇಲೆ, ಬಚ್ಚಲಿನಲ್ಲಿ ಸಿಗುತ್ತದೆ, ಒಮ್ಮೊಮ್ಮೆ ಅಕ್ಕಪಕ್ಕದ ಹಳೆಯ ಕೂದಲೂ ಆ ಆಘಾತಕ್ಕೆ ಉದುರುತ್ತದೆ. ಹೋಗುವುದು ಕೂದಲಿನ ಕಡ್ಡಿ ಮಾತ್ರ. ಬುಡ ಚರ್ಮದ ಒಳಗೇ ಉಳಿದು ವಿಶ್ರಾಂತಿಗೆ ಇಳಿಯುತ್ತದೆ, ಆ ವಿಶ್ರಾಂತಿಯ ಅವಧಿ ಸುಮಾರು ಮೂರು ತಿಂಗಳು. ಫೆಬ್ರವರಿಯಲ್ಲಿ ಮಾಡಿಸಿಕೊಂಡ ನನಗೆ ಈ ಘಟ್ಟ ಸರಿಯಾಗಿ ಮದುವೆಗಳ ಕಾಲಕ್ಕೆ ಬಂತು. ಸೈನ್ಯದಿಂದ ನಿವೃತ್ತರಾದ ನಮ್ಮ ಸೋದರಮಾವ ಊಟದ ಪಂಕ್ತಿಯಲ್ಲಿ ನನ್ನ ತಲೆಯನ್ನು ಅತ್ತಿತ್ತ ತಿರುಗಿಸಿ ನೋಡಿ, "ಅಲ್ಲ ಕಣೋ, ಇನ್ನೂರು ರೂಪಾಯಿ ಕೊಟ್ಟು ತಲೆಗೊಂದು ಟೋಪಿ ಹಾಕಿಕೊಂಡಿದ್ದರೆ ಮುಗಿಯುತ್ತಿತ್ತು. ನೀನು ಅಷ್ಟು ದುಡ್ಡು ಕೊಟ್ಟು ಟೋಪಿ ಹಾಕಿಸಿಕೊಂಡು ಬಂದಿದ್ದೀಯಲ್ಲ" ಎಂದರು. "ಮಳೆಗಾಲ ಮುಗಿಯಲಿ ಮಾವ, ಆಮೇಲೆ ನೋಡಿ" ಎಂದೆ. ಆ ದಿನಗಳಲ್ಲಿ ನನಗೇ ಅಷ್ಟು ನಂಬಿಕೆ ಇತ್ತೆಂದು ಹೇಳಲಾರೆ.

ಇಲ್ಲಿಯೇ ಮದುವೆಯಾಗಲಿರುವ ಹುಡುಗರಿಗೆ ಹೇಳಬೇಕಾದದ್ದಿದೆ. ನಿಶ್ಚಿತಾರ್ಥವಾದ ಮೇಲೆ, ಮದುವೆಗೆ ಎರಡು ತಿಂಗಳಿದೆ ಎನ್ನುವಾಗ ಕಸಿಗೆ ಓಡುವವರು ನನಗೆ ಗೊತ್ತಿರುವವರಲ್ಲೇ ಇದ್ದಾರೆ. ಇಡೀ ಅವಧಿಯಲ್ಲಿ ತಲೆ ಅತ್ಯಂತ ಕೆಟ್ಟದಾಗಿ ಕಾಣುವುದೇ ಆ ಎರಡು ಮೂರನೆಯ ತಿಂಗಳಲ್ಲಿ, ಆ ತಲೆ ಮದುವೆಯ ಆಲ್ಬಮ್ಮಿನಲ್ಲಿ ಕೊನೆಯವರೆಗೂ ಉಳಿಯುತ್ತದೆ. ಮಾಡಿಸುವುದಾದರೆ ವರ್ಷಕ್ಕೆ ಮುಂಚೆ ಮಾಡಿಸಬೇಕು, ಹುಡುಗಿಯ ಕಡೆಯವರಿಗೆ ಅದನ್ನು ಹೇಳಿಬಿಡಬೇಕು. ಮಾತ್ರೆಯ ವಿಷಯವಂತೂ ಕೈಹಿಡಿಯುವವಳಿಗೆ ಗೊತ್ತಿರಲೇಬೇಕಾದದ್ದು.

ಮೂರು ನಾಲ್ಕನೆಯ ತಿಂಗಳಿಗೆ, ನನ್ನ ಲೆಕ್ಕದಲ್ಲಿ ಮುಂಗಾರು ಹಿಡಿಯುವ ಹೊತ್ತಿಗೆ, ನೆಟ್ಟ ಜಾಗದಲ್ಲಿ ಮೊದಲು ಮೊಡವೆಯಂಥ ಗುಳ್ಳೆಗಳೆದ್ದವು. ಹೊಸ ಕೂದಲು ಚರ್ಮವನ್ನು ಒಡೆದು ಬರುವಾಗ ಹೀಗಾಗುವುದುಂಟು; ಹೆಚ್ಚಾದರೆ ವೈದ್ಯರು ಹಚ್ಚಲು ಔಷಧಿ ಕೊಡುತ್ತಾರೆ, ಹಿಸುಕಬಾರದು. ಆಮೇಲೆ ಬಂದ ಕೂದಲು ತೆಳುವಾಗಿ, ಬಣ್ಣಗೆಟ್ಟು, ಸುರುಳಿ ಸುರುಳಿಯಾಗಿ, ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಇದ್ದವು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ನಿರೀಕ್ಷೆ ಹದದಲ್ಲಿರುತ್ತದೆ. ಆರನೆಯ ತಿಂಗಳಿಗೆ ಅರ್ಧ ಫಲ ಕಾಣುತ್ತದೆ, ಕೂದಲು ದಪ್ಪವಾಗಿ ನೇರವಾಗಿ ಕೂರಲು ಹನ್ನೆರಡು ತಿಂಗಳು ಬೇಕು, ನೆತ್ತಿಯ ಹಿಂಭಾಗಕ್ಕೆ ನೆಟ್ಟಿದ್ದರೆ ಹದಿನೆಂಟು. ಹಿಂತಲೆಯ ಮರಗಟ್ಟುವಿಕೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತದೆ. ಬಾಚಣಿಗೆ ಆಡಿದಾಗ ಬೇರೊಬ್ಬರ ತಲೆ ಬಾಚಿದಂತೆ ಅನ್ನಿಸುವುದಕ್ಕೆ ನಾನು ಕ್ರಮೇಣ ಒಗ್ಗಿಹೋಗಿದ್ದೆ. ನೆಟ್ಟ ಎಲ್ಲವೂ ಹಿಡಿಯುವುದಿಲ್ಲ ಎಂಬುದನ್ನೂ, ಎರಡನೆಯ ಸುತ್ತು ಬೇಕೆನಿಸಿದರೆ ಕನಿಷ್ಠ ವರ್ಷ ಕಾಯಬೇಕೆಂಬುದನ್ನೂ ಒಳ್ಳೆಯ ವೈದ್ಯರು ಮೊದಲೇ ಹೇಳುತ್ತಾರೆ. ನನ್ನ ವೈದ್ಯೆ ಹಿಂತಲೆಯಿಂದ ಎಷ್ಟು ತೆಗೆದರು, ಎಷ್ಟು ಉಳಿಸಿದರು ಎಂಬುದನ್ನು ಬರೆದೇ ಕೊಟ್ಟಿದ್ದಾರೆ. ಆ ಚೀಟಿಯನ್ನು ಜಮೀನಿನ ಆರ್‌ಟಿಸಿಯ ಜೊತೆ ಇಟ್ಟುಕೊಂಡಿದ್ದೇನೆ.

ನಮ್ಮ ತಾಯಿ ಕೇಳಿದ ಪ್ರಶ್ನೆ ಒಂದು ಉಳಿದಿದೆ. ತಿರುಪತಿಗೆ ನನ್ನ ಹೆಸರಿನಲ್ಲಿ ಮುಡಿ ಕೊಡುವ ಹರಕೆ ಬಹಳ ಕಾಲದಿಂದ ಬಾಕಿಯಿದ್ದು, ಕಸಿ ಮಾಡಿದ ಕೂದಲನ್ನು ಬೋಳಿಸಿದರೆ ಮತ್ತೆ ಬರುತ್ತದೆಯೇ ಎಂಬ ಚಿಂತೆ ಅವರಿಗೆ ನನ್ನ ಊತಕ್ಕಿಂತ ದೊಡ್ಡದಾಗಿತ್ತು. ಬುಡ ಒಳಗಿರುವುದರಿಂದ ಖಂಡಿತ ಬರುತ್ತದೆ, ಆದರೆ ವರ್ಷ ತುಂಬಿದ ಮೇಲೆ ಹೋಗಲಿ ಎಂದು ವೈದ್ಯೆ ಹೇಳಿ ಕಳಿಸಿದರು. ಬೋಳಿಸಿದಾಗ ಹಿಂತಲೆಯ ಬಿಳಿ ಚುಕ್ಕೆಗಳು ಮಾತ್ರ ಒಂದೂ ಬಿಡದೆ ಕಾಣುತ್ತವೆ. ದರ್ಶನದ ಸರತಿಯಲ್ಲಿ ಹಿಂದೆ ನಿಂತವರಿಗೆ ಹೊತ್ತು ಹೋಗದಿರುವುದರಿಂದ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ, ಅದಕ್ಕೊಂದು ಉತ್ತರ ಸಿದ್ಧವಿಟ್ಟುಕೊಂಡು ಹೊರಡಬೇಕು.